ಗಫೂರ್‌ಭಾಯಿಯ ಪಾರಿವಾಳಗಳು ಮರಳಿ ಬಂದ ಬೇಸಿಗೆ

ಹೋದ ತಿಂಗಳು ಬೀದರದ ಗಂಜಿನ ಕಾಳಿನ ಪೇಟೆಯಲ್ಲಿ ತೊಗರಿಬೇಳೆ ಕೊಳ್ಳಲು ನಿಂತಿದ್ದೆ. ಪಕ್ಕದಲ್ಲಿ ಅಂಗಡಿಯ ಆಳು ಸಜ್ಜೆಯ ಚೀಲದ ಬಾಯಿ ಬಿಚ್ಚಿ ರಾಶಿಗೆ ಸುರಿದ. ಧೂಳು ಎದ್ದು ಮೂಗಿಗೆ ಬಡಿಯಿತು. ರೊಟ್ಟಿ ತಟ್ಟುವವರಿಗೆ ಅದು ಅಡುಗೆಮನೆಯ ವಾಸನೆ, ನನಗೆ ಮಾತ್ರ ಮಾಳಿಗೆಯ ವಾಸನೆ. ಬೇಳೆ ಕಟ್ಟಿಸಿಕೊಂಡು ಭಾಲ್ಕಿಯ ಬಸ್ಸು ಹಿಡಿಯಬೇಕಾದವನು ಆಟೋ ಹತ್ತಿ ಚಿದ್ರಿಗೆ ಹೋದೆ. ಹೋಗಬಾರದಿತ್ತು ಅಂತ ಈಗ ಅನ್ನಿಸುತ್ತದೆ. ಆದರೆ ಹೋದ ಕಥೆ ಕೊನೆಗೆ ಇರಲಿ, ಮೊದಲು ಆ ಬೇಸಿಗೆಯ ಮಾತು.

ನಾನು ದನದ ಡಾಕ್ಟರ್. ಸರ್ಕಾರಿ ಕಾಗದದಲ್ಲಿ ಪಶುವೈದ್ಯಾಧಿಕಾರಿ ಎಂದಿದೆ, ಆ ಹೆಸರಿನಿಂದ ಕರೆದವರು ಯಾರೂ ಇಲ್ಲ. ಆಗ ನನ್ನ ನೌಕರಿ ಔರಾದ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿದ ಒಂದು ದನದ ದವಾಖಾನೆಯಲ್ಲಿ. ಮಕ್ಕಳ ಶಾಲೆಗೆಂದು ಮನೆಯನ್ನು ಬೀದರದ ಚಿದ್ರಿಯಲ್ಲಿ ಮಾಡಿದ್ದೆ. ದಿನವೂ ಮೋಟಾರ್‌ಸೈಕಲ್ಲಿನ ಮೇಲೆ ಬೀದರದ ಕೆಂಪು ಮಣ್ಣಿನಿಂದ ಔರಾದದ ಕರಿ ಮಣ್ಣಿಗೆ ಇಳಿದು, ಸಂಜೆ ಮತ್ತೆ ಕೆಂಪು ಮಣ್ಣಿಗೆ ಹತ್ತುತ್ತಿದ್ದೆ. ನಮ್ಮ ಬಾಡಿಗೆ ಮನೆಯ ಮಾಳಿಗೆಗೂ ಗಫೂರ್‌ಭಾಯಿಯ ಮಾಳಿಗೆಗೂ ನಡುವೆ ಮೊಣಕಾಲೆತ್ತರದ ಒಂದು ಗೋಡೆ. ಅದನ್ನು ದಾಟಿ ನಮ್ಮ ಮನೆಯ ಹೋಳಿಗೆ ಆ ಕಡೆ, ಅವರ ಮನೆಯ ಶೀರ್‌ಖುರ್ಮಾ ಈ ಕಡೆ ವರ್ಷಗಟ್ಟಲೆ ಹೋಗಿ ಬಂದಿವೆ.

ಗಫೂರ್‌ಭಾಯಿ ಸುಟ್ಟುಹೋದ ಬೋರಿನ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿ ಕೊಡುವವರು. ಅಂಗಡಿ ಓಣಿಯ ತುದಿಯಲ್ಲೇ ಇತ್ತು. ಮನ್ನಳ್ಳಿಯಿಂದ, ಭಾಲ್ಕಿ ಕಡೆಯಿಂದ, ಔರಾದದಿಂದಲೂ ರೈತರು ಮೋಟರು ಹೊತ್ತು ಬರುತ್ತಿದ್ದರು. ಕಬ್ಬು ಒಣಗುತ್ತಿರುವವನ ಮುಖ ನೋಡಿದರೆ ಸಾಕು, ಊಟ ಬಿಟ್ಟು ತಂತಿ ಸುತ್ತಲು ಕೂಡುವ ಮನುಷ್ಯ. ಅವರಿಗೆ ಇದ್ದದ್ದು ಒಂದೇ ಶೋಕಿ, ಪಾರಿವಾಳ. ಅವರ ಹೆಂಡತಿ ಬಿಲ್ಕೀಸ್‌ಬಿ ಗೋಡೆಯ ಮೇಲಿಂದ ನನ್ನ ಹೆಂಡತಿ ಸುವರ್ಣಾಗೆ ಹೇಳುತ್ತಿದ್ದರು, “ನಮ್ಮ ಮನ್ಯಾಗ ಬೀಗರಿಗಿಂತ ಕಬೂತರಗೋಳಿಗಿ ಮರ್ಯಾದಿ ಜಾಸ್ತಿ ಅದರಿ ಬಾಯಿ. ನಾ ರೆಕ್ಕಿ ಹಚ್ಕೊಂಡು ಹುಟ್ಟಿದ್ರ ಚೊಲೋ ಇತ್ತು.”

ಪಾರಿವಾಳದ ಶೋಕಿಗೆ ತನ್ನದೇ ರೀತಿ ರಿವಾಜು ಇವೆ. ಮರಿಗೆ ಕಾಲು ಬಲಿಯುವ ಮುಂಚೆ ಹುಟ್ಟಿದ ವರ್ಷದ ನಂಬರಿರುವ ಸಣ್ಣ ಬಳೆ ತೊಡಿಸುತ್ತಾರೆ. ರೆಕ್ಕೆಯ ಗರಿಗೆ ಮೊಹರು ಒತ್ತುತ್ತಾರೆ. ಗಫೂರ್‌ಭಾಯಿಯ ಮೊಹರಿನಲ್ಲಿ ಉರ್ದುವಿನಲ್ಲಿ ಅವರ ಹೆಸರು, ಕೆಳಗೆ ಫೋನ್ ನಂಬರು. ಹಕ್ಕಿ ದಾರಿ ತಪ್ಪಿ ಯಾರದೋ ಮನೆಯಲ್ಲಿ ಇಳಿದರೆ ಅವರು ಫೋನು ಮಾಡಬೇಕು, ಒಡೆಯ ಹೋಗಿ ಹಿಡಿದವನಿಗೆ ಸಿಹಿ ಕೊಟ್ಟು ತನ್ನ ಹಕ್ಕಿ ತರಬೇಕು. ನಾಲ್ಕು ಜನರ ಮುಂದೆ “ನನ್ನದು” ಎಂದು ಹೇಳಿ ತರಬೇಕು. ತನ್ನ ಹಕ್ಕಿಯನ್ನು ತನ್ನದಲ್ಲ ಎನ್ನುವವನು ಶೋಕಿನವನೇ ಅಲ್ಲ ಎಂದು ಗಫೂರ್‌ಭಾಯಿ ಹೇಳುತ್ತಿದ್ದರು.

ಹಕ್ಕಿಗಳನ್ನು ಪಳಗಿಸುವ ಕೆಲಸದಲ್ಲಿ ನನಗೂ ಒಂದು ಪಾಲು ಇತ್ತು. ಮೊದಲು ನೌಬಾದಿನಲ್ಲಿ ಬಿಟ್ಟು ನೋಡುವುದು, ಆಮೇಲೆ ಇನ್ನೂ ದೂರ, ಆಮೇಲೆ ಔರಾದ. ಔರಾದದ ಪಾಲು ನನ್ನದು. ಬಿದಿರಿನ ಬುಟ್ಟಿಯನ್ನು ಗಾಡಿಯ ಹಿಂದೆ ಕಟ್ಟಿಕೊಂಡು ಹೋಗಿ ದವಾಖಾನೆಯ ಅಂಗಳದಲ್ಲಿ ಮುಚ್ಚಳ ತೆಗೆಯುತ್ತಿದ್ದೆ. ಅವು ಬೇವಿನ ಮರದ ಮೇಲೆ ಒಂದು ಸುತ್ತು ಹಾಕಿ, ಯಾರೋ ಕರೆದಂತೆ ದಕ್ಷಿಣಕ್ಕೆ ತಿರುಗುತ್ತಿದ್ದವು. ನಾನು ಒಂದೆರಡು ಎಮ್ಮೆಗೆ ಸೂಜಿ ಹಾಕಿ ಚಹಾ ಕುಡಿಯುವಷ್ಟರಲ್ಲಿ ಫೋನು ಬರುತ್ತಿತ್ತು. “ಬಂದ್ವು ಡಾಕ್ಟರ ಸಾಬ್, ಎಲ್ಲಾ ಬಂದ್ವು,” ಎನ್ನುವಾಗ ಆ ದನಿಯಲ್ಲಿದ್ದ ಸಂತೋಷ ಕೇಳಲಿಕ್ಕೆಂದೇ ನಾನು ಬುಟ್ಟಿ ಹೊರುತ್ತಿದ್ದೆ ಅಂತ ಕಾಣುತ್ತದೆ. ನಮ್ಮ ಕಂಪೌಂಡರನೊಬ್ಬ ಒಮ್ಮೆ ನಾನು ಹಕ್ಕಿ ಬಿಡುವ ಫೋಟೋ ತೆಗೆದು, “ನಮ್ಮ ಡಾಕ್ಟರ ಹೊಸಾ ಪೇಷಂಟ್ಸ್” ಎಂದು ತನ್ನ ಸ್ಟೇಟಸ್ಸಿಗೆ ಹಾಕಿದ್ದ. ಎಲ್ಲರೂ ನಕ್ಕಿದ್ದೆವು.

ಆ ಬೇಸಿಗೆಯಲ್ಲಿ ದೇಶದ ಗಡಿಯ ಕಡೆ ಗಲಾಟೆ ಶುರುವಾಯಿತು. ಬೀದರದ ಆಕಾಶದಲ್ಲಿ ವಾಯುಪಡೆಯ ತರಬೇತಿಯ ವಿಮಾನ ಹಾರುವುದು ನಮಗೆ ಕಾಗೆ ಹಾರಿದಷ್ಟೇ ಸಹಜ. ಆದರೆ ಆ ದಿನಗಳಲ್ಲಿ ವಿಮಾನದ ಸದ್ದು ಬಂದರೆ ಜನ ಮಾತು ನಿಲ್ಲಿಸಿ ಮೇಲೆ ನೋಡತೊಡಗಿದರು. ಬಿಸಿಲಿಗೆ ಹೊರಗೆ ಹೋಗಲಾರದೆ ಮನೆಯಲ್ಲಿ ಕೂತವರ ಕೈಯಲ್ಲಿ ಫೋನು, ಫೋನಿನಲ್ಲಿ ಯುದ್ಧ. ಪೆಟ್ರೋಲು ಸಿಗುವುದಿಲ್ಲವಂತೆ, ಉಪ್ಪು ಮುಗಿಯುತ್ತದಂತೆ, ಊರೊಳಗೆ ಯಾರೋ ಅಡಗಿದ್ದಾರಂತೆ. ವದಂತಿಗಳಿಗೆ ಕಿವಿಗೊಡಬೇಡಿ ಎಂದು ಮೈಕು ಕಟ್ಟಿದ ಗಾಡಿಯೊಂದು ಕೂಗುತ್ತ ಹೋಯಿತು. ಅದು ಹೋದ ಮೇಲೆ ಬಂಕಿನ ಮುಂದಿನ ಸಾಲು ಇನ್ನೂ ಉದ್ದವಾಯಿತು. ಸರ್ಕಾರ ಇಲ್ಲ ಎಂದರೆ ಇದೆ ಎಂದೇ ಅರ್ಥ ಎನ್ನುವುದು ಜನ ಕಲಿತ ಪಾಠ.

ಜನರನ್ನು ಬೈಯಲು ನನಗೆ ಬಾಯಿಲ್ಲ. ಅದಕ್ಕೂ ಹಿಂದೆ ದನಗಳಿಗೆ ಮೈತುಂಬ ಗಂಟು ಏಳುವ ರೋಗ ಬಂದಾಗ, ಹೆದರುವಂಥದ್ದೇನಿಲ್ಲ ಎಂದು ಹಳ್ಳಿಹಳ್ಳಿಗೆ ಹೇಳಿಬರಲು ನಮಗೆ ಮೇಲಿನ ಅಪ್ಪಣೆಯಾಗಿತ್ತು. ಹೇಳಿಬಂದೆವು. ಹಾಗೆ ಹೇಳಿಬಂದ ಹಳ್ಳಿಗಳಲ್ಲೇ ಆಮೇಲೆ ಜೆಸಿಬಿ ತಂದು ಗುಂಡಿ ತೋಡಿಸಿದವರೂ ನಾವೇ. ಹಾಲು ಕೊಡುವ ಆಕಳನ್ನು ಗುಂಡಿಗೆ ಇಳಿಸಿದವನು ಮುಂದಿನ ಸಲ ಸರ್ಕಾರದ ಮೈಕನ್ನು ಯಾಕೆ ನಂಬುತ್ತಾನೆ.

ಒಂದು ಭಾನುವಾರ ದವಾಖಾನೆಯಲ್ಲಿ ನನ್ನ ಡ್ಯೂಟಿ ಇತ್ತು. ಹೋಗುವಾಗ ಬುಟ್ಟಿ ಒಯ್ದು ಹಕ್ಕಿಗಳನ್ನು ಬಿಟ್ಟೆ. ಅವು ಹೋದ ಸ್ವಲ್ಪ ಹೊತ್ತಿಗೆ ಪೂರ್ವದಿಂದ ಧೂಳುಗಾಳಿ ಎದ್ದಿತು. ಉಳಿದವು ಮನೆ ಮುಟ್ಟಿದವು, ಸುರ್ಮಯಿ ಎಂದು ಗಫೂರ್‌ಭಾಯಿ ಕರೆಯುತ್ತಿದ್ದ ಬೂದು ಬಣ್ಣದ ಹೆಣ್ಣು ಹಕ್ಕಿ ಬರಲಿಲ್ಲ. ಗಾಳಿ ಅದನ್ನು ಭಾಲ್ಕಿಯ ಕಡೆಗೆ ತಳ್ಳಿತ್ತು. ಅಲ್ಲಿ ಒಂದು ತೋಟದ ಮನೆಯ ಹುಡುಗರು ಹಿಡಿದು ವಿಡಿಯೋ ಮಾಡಿದ್ದರು. ಸಂಜೆಯ ಹೊತ್ತಿಗೆ ಅದು ಭಾಲ್ಕಿಯ ಯಾವುದೋ ಫೇಸ್‌ಬುಕ್ ಪುಟ ಹತ್ತಿ, ಅಲ್ಲಿಂದ ಇಳಿದು ನಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೂ ಬಂತು.

“ನೋಡ್ರಿ ಬಂಧುಗಳೆ, ಕಾಲಾಗ ನಂಬರಿನ ಬಳಿ ಅದ. ರೆಕ್ಕಿ ಮ್ಯಾಲ ಉರ್ದುದಾಗ ಕೋಡ್ ಬರದಾರ. ವಿಮಾನ ಹಾರೂ ಕಡಿಂದ ಬಂದದ ಇದು. ಎಲ್ಲಾರಿಗೂ ಮುಟ್ಟೂತನ ಶೇರ್ ಮಾಡ್ರಿ,” ಎಂದು ಒಂದು ಎಳೆಯ ದನಿ ಹೇಳುತ್ತಿತ್ತು. ಸುರ್ಮಯಿ ಅವನ ಮುಷ್ಟಿಯಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಫೋನು ಆರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಗಫೂರ್‌ಭಾಯಿ ಮಾತು ಯಾವುದೂ ಕೇಳಲಿಲ್ಲ, ಹಕ್ಕಿಯನ್ನು ಮಾತ್ರ ನೋಡಿದರು. ಸಿಕ್ಕಿತಲ್ಲ ಎಂಬ ಸಂಭ್ರಮದಲ್ಲಿ, ಶೋಕಿಯ ರಿವಾಜಿನಂತೆ, ಗ್ರೂಪಿನಲ್ಲೇ ತಮ್ಮ ದನಿ ರೆಕಾರ್ಡ್ ಮಾಡಿ ಹಾಕಿದರು. “ಸಲಾಮ್ರಿ ಎಲ್ಲಾರಿಗಿ. ಈ ಕಬೂತರ ನಂದೇ ಅದರಿ. ಹಿಡದ ತಮ್ಮಗ ಭಾಳ ಶುಕ್ರಿಯಾ. ಅದಕ್ಕ ಸ್ವಲ್ಪ ನೀರ ಕುಡಸ್ರಿ, ಸಜ್ಜಿ ಇದ್ರ ಹಾಕ್ರಿ. ನಾಳಿ ಮುಂಜಾನಿ ಬಂದು ಒಯ್ತೇನಿ.” ಆಮೇಲೆ ಮಾಳಿಗೆಯ ಗೋಡೆಯ ಹತ್ತಿರ ಬಂದು, “ಸಿಕ್ತು ನೋಡ್ರಿ ಡಾಕ್ಟರ ಸಾಬ್, ಬದುಕ್ಯದ,” ಎಂದರು. ನಾನೂ ಒಳ್ಳೇದಾಯ್ತು ಎಂದೆ. ಅಷ್ಟು ಹೊತ್ತಿಗೆ ಆ ದನಿ ಗ್ರೂಪಿನಿಂದ ಗ್ರೂಪಿಗೆ ದಾಟಿ, “ಒಪ್ಪಿಕೊಂಡ” ಎಂಬ ಹಣೆಬರಹ ಹಚ್ಚಿಕೊಂಡು ಓಡುತ್ತಿತ್ತು.

ಮರುದಿನ ಬೆಳಗ್ಗೆ ಒಂದು ಡಬ್ಬಿ ಪೇಢಾ ಹಿಡಿದು ಅವರು ಭಾಲ್ಕಿಗೆ ಹೋದರು. ತೋಟದ ಹಾದಿಯಲ್ಲೇ ಜನ ಕಾಯುತ್ತಿದ್ದರು. ಪೇಢಾ ಮಣ್ಣಿಗೆ ಬಿತ್ತು, ಅಂಗಿ ಹರಿಯಿತು, ಒಬ್ಬ ಕಪಾಳಕ್ಕೆ ಹೊಡೆದ. ಅವರಲ್ಲೇ ಒಬ್ಬ ಹಿರಿಯ, ಹಿಂದೆಂದೋ ಇವರಿಂದ ಮೋಟರು ಕಟ್ಟಿಸಿಕೊಂಡವನಂತೆ, ಅಡ್ಡ ನಿಂತು ಪೊಲೀಸರಿಗೆ ಫೋನು ಮಾಡಿದ. ಅವನಿಲ್ಲದಿದ್ದರೆ ನಾನು ಬರೆಯುತ್ತಿದ್ದದ್ದು ಬೇರೆಯೇ ಆಗಿರುತ್ತಿತ್ತು.

ಠಾಣೆಯಿಂದ ನನಗೆ ಕರೆ ಬಂದಾಗ ನಾನು ಔರಾದದಲ್ಲಿದ್ದೆ. ಭಾಲ್ಕಿಯ ಠಾಣೆಗೆ ಹೋದಾಗ ಗಫೂರ್‌ಭಾಯಿ ಬೆಂಚಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ರಟ್ಟಿನ ಡಬ್ಬಿಯೊಳಗೆ ಸುರ್ಮಯಿ. ಇನ್‌ಸ್ಪೆಕ್ಟರ್ ಕೆಟ್ಟವರಲ್ಲ. ಬಳೆ, ಮೊಹರು, ಹಕ್ಕಿಯ ಜಾತಿ ಎಲ್ಲದರ ಬಗ್ಗೆ ನಾನು ಪಶುವೈದ್ಯನಾಗಿ ಬರೆದುಕೊಟ್ಟದ್ದನ್ನು ಓದಿ ಫೈಲಿಗೆ ಸೇರಿಸಿದರು.

“ನಮ್ಮ ಮಾವನ ಮನ್ಯಾಗೂ ಕಬೂತರ ಇದ್ದುವ್ರಿ ಡಾಕ್ಟರೆ. ನನಗ ಗೊತ್ತಾಗಲ್ಲೇನು. ಇವರದು ಏನೂ ಇಲ್ಲ. ಕರಕೊಂಡು ಹೋಗ್ರಿ,” ಎಂದರು.

“ಹಂಗಾದ್ರ ಅಷ್ಟ ಒಂದು ಸಾಲು ಬರದು ಕೊಡ್ರಿ ಸಾಹೇಬರ. ಓಣ್ಯಾಗ ತೋರಸ್ಲಕ ಆಗ್ತದ,” ಎಂದೆ.

ಅವರು ಕುರ್ಚಿಗೆ ಒರಗಿ ನಕ್ಕರು. “ತಪ್ಪಿಲ್ಲ ಅಂತ ಬರದು ಕೊಡೂ ಪದ್ಧತಿ ನಮ್ಮ ಕಡಿ ಇಲ್ರಿ. ತಪ್ಪು ಇದ್ರ ಬರದು ಕೊಡ್ತೇವಿ.”

ಗಫೂರ್‌ಭಾಯಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಬೀದರಕ್ಕೆ ಬಂದೆ. ದಾರಿಯುದ್ದಕ್ಕೂ ಅವರು ಡಬ್ಬಿಯನ್ನು ಎದೆಗೆ ಅವಚಿ ಹಿಡಿದಿದ್ದರು. ಒಮ್ಮೆ ಮಾತ್ರ ಬಾಯಿ ಬಿಟ್ಟರು, “ಆ ತಮ್ಮ ನನ್ನ ಕೂಡ ಮಾತೇ ಆಡ್ಲಿಲ್ರಿ. ನಾ ಶುಕ್ರಿಯಾ ಹೇಳ್ಬೇಕಂತ ಹೋಗಿದ್ನಿ.” ನಾನು ಗಾಳಿಗೆ ಕೇಳಿಸದವನಂತೆ ಗಾಡಿ ಓಡಿಸಿದೆ.

ಎರಡು ದಿನದ ಮೇಲೆ ಪೊಲೀಸರು ಪತ್ರಿಕೆಗಳಿಗೆ ಒಂದು ಹೇಳಿಕೆ ಕೊಟ್ಟರು. ವಿಚಾರಣೆಯಲ್ಲಿ ಸಂಶಯ ಪಡುವಂಥದ್ದೇನೂ ಕಂಡುಬಂದಿಲ್ಲ, ಸಾರ್ವಜನಿಕರು ಆತಂಕಪಡಬಾರದು, ಇಷ್ಟೇ. ಪತ್ರಿಕೆಯವರು ಅದನ್ನು ಒಳಪುಟದ ಮೂಲೆಯಲ್ಲಿ ಹಾಕಿದರು. ನನಗೆ ನಿರಾಳವಾಯಿತು, ಮುಗಿಯಿತು ಅಂದುಕೊಂಡೆ. ಆ ಫೇಸ್‌ಬುಕ್ ಪುಟದವನು ಅದನ್ನೇ ಎತ್ತಿ ಹಾಕಿ ಕೇಳಿದ, “ಕಂಡುಬಂದಿಲ್ಲ ಅಂದ್ರೆ ಇಲ್ಲ ಅಂತಲ್ಲ. ಒಂದೇ ದಿನದಲ್ಲಿ ಬಿಟ್ಟಿದ್ದು ಯಾರ ಒತ್ತಡಕ್ಕೆ?” ಅದರ ಕೆಳಗೆ ನನ್ನ ಫೋಟೋ. ದವಾಖಾನೆಯ ಅಂಗಳ, ನನ್ನ ಕೈಯಲ್ಲಿ ಬುಟ್ಟಿ, ತಲೆಯ ಮೇಲೆ ಪಾರಿವಾಳಗಳು, ನನ್ನ ಮುಖದಲ್ಲಿ ನಗು. ಕಂಪೌಂಡರನ ಸ್ಟೇಟಸ್ಸು ಎಲ್ಲೆಲ್ಲಿ ಸುತ್ತಿ ಅಲ್ಲಿಗೆ ಮುಟ್ಟಿತೋ. ಹಕ್ಕಿ ಬಿಟ್ಟವನೇ ಹಕ್ಕಿಗೆ ಸರ್ಟಿಫಿಕೇಟ್ ಕೊಟ್ಟಿದ್ದಾನೆ ಎಂದು ಬರೆದಿದ್ದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆ ವಾರ ಮಾಣಿಕಪ್ಪ ಎನ್ನುವ ರೈತ ಎಮ್ಮೆ ಹೊಡೆದುಕೊಂಡು ದವಾಖಾನೆಗೆ ಬಂದ. ಅವನ ಮನೆಯ ಮೂರು ತಲೆಮಾರಿನ ಎಮ್ಮೆಗಳಿಗೆ ನಾನೇ ಕರು ಹಾಕಿಸಿದ್ದೆ. ಎಮ್ಮೆಗೆ ಕೆಚ್ಚಲು ಬಾವು. ಔಷಧಿ ಕೊಟ್ಟು, ಹಾಲು ಕೆಲವು ದಿನ ಮಕ್ಕಳಿಗೆ ಕುಡಿಸಬೇಡ ಎಂದೆ. ಅವನು ಕೈ ಮುಗಿದು ಹೂಂ ಎಂದ. ಆಮೇಲೆ ತಡೆಯಲಾರದೆ ಕೇಳಿದ, “ಆ ಕಬೂತರದ ಮಾತು ಖರೇ ಏನ್ರಿ ಸಾಹೇಬರ?”

“ಎಲ್ಲಾ ಸುಳ್ಳು ಮಾಣಿಕಪ್ಪ. ನಾನ ನೋಡೇನಿ, ನಾನ ಬರದು ಕೊಟ್ಟೇನಿ.”

ಅವನು ಎಮ್ಮೆಯ ಬೆನ್ನು ಸವರುತ್ತ ಬಹಳ ಮರ್ಯಾದೆಯಿಂದಲೇ ಹೇಳಿದ, “ಎಮ್ಮಿ ಮಾತು ನೀವು ಹೇಳಿದ್ರ ಕಣ್ಣ ಮುಚ್ಚಿ ನಂಬ್ತೇವ್ರಿ. ಇದು ದೇಶದ ಮಾತು. ನೀವೂ ಸರ್ಕಾರದ ಮನಷ್ಯಾನೇ ಅದೀರಿ, ನಿಮಗ ಏನು ಹೇಳಂತ ಹೇಳ್ಯಾರೋ ಯಾರಿಗಿ ಗೊತ್ತು.” ಮೋಟರು ಸುಟ್ಟರೆ ಗಫೂರನ ಕಡೆ ಹೋಗುವುದನ್ನು ಬಿಟ್ಟಿದ್ದೇನೆ ಎಂದೂ ಹೇಳಿದ. ಜಗಳದ ದನಿಯಲ್ಲಿ ಹೇಳಿದ್ದರೆ ನಾನೂ ಜಗಳಾಡುತ್ತಿದ್ದೆ. ಅವನು ಎಮ್ಮೆ ಹೊಡೆದುಕೊಂಡು ತಣ್ಣಗೆ ಹೋದ.

ಓಣಿಯಲ್ಲಿ ಬಸವರಾಜಪ್ಪ ಮಾಸ್ತರು ಹಿರಿಯರು. ಹೆಡ್‌ಮಾಸ್ತರಾಗಿ ನಿವೃತ್ತಿಯಾದವರು, ಗ್ರೂಪ್ ನಡೆಸುವವರೂ ಅವರೇ. ಅವರು ನಾಲ್ಕು ಜನರನ್ನು ಕರೆದುಕೊಂಡು ಗಫೂರ್‌ಭಾಯಿಯ ಮನೆಗೆ ಬಂದರು. ನನ್ನನ್ನೂ ಕರೆದಿದ್ದರು. ಬಿಲ್ಕೀಸ್‌ಬಿ ಕೊಟ್ಟ ಚಹಾವನ್ನು ಎಲ್ಲರೂ ಕುಡಿದರು. “ನಮಗ ನಿಮ್ಮ ಮ್ಯಾಲ ಸಂಶಯ ಇಲ್ಲ ಗಫೂರ್,” ಎಂದರು ಮಾಸ್ತರು. “ಆದ್ರ ಬೆಂಕಿ ಇಲ್ದ ಹೊಗಿ ಆಡಂಗಿಲ್ಲ ಅಂತಾರ ಜನ. ಜನರ ಬಾಯಿ ಮುಚ್ಚಲಕ ಆಗಲ್ಲ. ಕಬೂತರ ಎಲ್ಲ್ಯಾರ ದೂರ ಕೊಟ್ಟುಬಿಡ್ರಿ. ಓಣಿ ಹೆಸರು ಉಳೀತದ, ನಿಮ್ಮ ಹೆಸರೂ ಉಳೀತದ.”

“ಹೆಸರು ಉಳೀತದಲ್ರಿ ಮಾಸ್ತರ?” ಎಂದು ಗಫೂರ್‌ಭಾಯಿ ಇನ್ನೊಮ್ಮೆ ಕೇಳಿದರು. ಮಾಸ್ತರು ಅವರ ಹೆಗಲ ಮೇಲೆ ಕೈಯಿಟ್ಟರು. ಇಪ್ಪತ್ತೈದು ವರ್ಷ ಒಂದೇ ಓಣಿಯಲ್ಲಿ ಬಾಳಿದ ಮನುಷ್ಯ ಅಷ್ಟನ್ನೇ ಬೇಡುತ್ತಿದ್ದ, ಬೆಳಗ್ಗೆ ಅಂಗಡಿಗೆ ಹೋಗುವಾಗ ಜನ ಮೊದಲಿನಂತೆ ನಮಸ್ಕಾರ ಎನ್ನಬೇಕು.

ಔರಾದದ ಆಚೆ ಅವರ ಪರಿಚಯದ ಇನ್ನೊಬ್ಬ ಪಾರಿವಾಳದ ಶೋಕಿನವನಿದ್ದ. ಎಲ್ಲ ಹಕ್ಕಿಗಳನ್ನೂ ಬುಟ್ಟಿಗಳಲ್ಲಿ ತುಂಬಿ ಟೆಂಪೋದಲ್ಲಿ ಅವನಿಗೆ ಕೊಟ್ಟು ಬಂದರು. ಹೊಸ ಮನೆಗೆ ಹೊಂದುವ ತನಕ ರೆಕ್ಕೆಗೆ ದಾರ ಕಟ್ಟಿಡು ಎಂದು ಹೇಳಿ ಬಂದಿದ್ದರು. ಅವನು ಕಟ್ಟಿದ, ಆದರೆ ಪಾಪದವನು, ಹಕ್ಕಿ ನರಳುವುದು ನೋಡಲಾರದೆ ಒಂದು ವಾರಕ್ಕೇ ಬಿಚ್ಚಿದ. ಮರುದಿನ ಸಂಜೆ ಸುವರ್ಣಾ ಮಾಳಿಗೆಯಿಂದ ನನ್ನನ್ನು ಕೂಗಿದಳು. ಹತ್ತಿ ನೋಡಿದರೆ ಪಡುವಣದ ಕೆಂಪಿನಲ್ಲಿ ಒಂದೊಂದಾಗಿ, ಜೋಡಿ ಜೋಡಿಯಾಗಿ ಅವು ಇಳಿಯುತ್ತಿದ್ದವು. ಎಲ್ಲಕ್ಕಿಂತ ಕೊನೆಗೆ ಸುರ್ಮಯಿ ಬಂತು. ಎಲ್ಲವೂ ಖಾಲಿ ಗೂಡಿನ ಮುಂದೆ ಕೂತು, ಕಾಳು ಎಲ್ಲಿ ಎನ್ನುವಂತೆ ಕುತ್ತಿಗೆ ಓರೆ ಮಾಡಿ ನೋಡಿದವು.

ಗಫೂರ್‌ಭಾಯಿ ಮಾಳಿಗೆಯ ನಡುವೆ ನಿಂತಿದ್ದರು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. “ಯಾಕ ಬಂದ್ರಿ? ನಾ ಏನಂತ ಹೇಳ್ಲಿ ಓಣಿ ಮಂದಿಗಿ?” ಎಂದು ಹಕ್ಕಿಗಳನ್ನೇ ಕೇಳುತ್ತಿದ್ದರು. ಅಷ್ಟರಲ್ಲಿ ಎದುರು ಮಾಳಿಗೆಯ ಮೇಲೆ ಯಾರೋ ಫೋನು ಎತ್ತಿ ಹಿಡಿದಿದ್ದರು.

ಆ ವಿಡಿಯೋ ಹಿಂದಿನದಕ್ಕಿಂತ ದೂರ ಹೋಯಿತು. ಗಡಿಯಾಚೆಯಿಂದ ದಾರಿ ಹುಡುಕಿಕೊಂಡು ಬರುವ ಹಾಗೆ ತರಬೇತಿ ಕೊಟ್ಟಿದ್ದಾರೆ ನೋಡಿ ಎಂದು ಬರೆದಿದ್ದರು. ಗಡಿ ಯಾವುದು ಎಂದು ಯಾರೂ ಕೇಳಲಿಲ್ಲ, ಅವು ಬಂದದ್ದು ಮಹಾರಾಷ್ಟ್ರದ ಗಡಿಯಿಂದ. ಪಾರಿವಾಳ ಮನೆಗೆ ಮರಳುತ್ತದೆ, ಅದು ಅದರ ಹುಟ್ಟುಗುಣ ಎಂದು ನಾನು ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ. ಮಾಸ್ತರು ನಮಸ್ಕಾರದ ಚಿಹ್ನೆ ಹಾಕಿದರು. ಬೇರೆ ಯಾರೂ ಏನೂ ಹಾಕಲಿಲ್ಲ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಇದೇ ಮಾಸ್ತರು ಎಷ್ಟು ಮಕ್ಕಳಿಗೆ ಬರೆಸಿದ್ದರೋ.

ಅದಾದ ಮೇಲೆ ಗಫೂರ್‌ಭಾಯಿ ಒಂದು ಮಧ್ಯಾಹ್ನ ಗೋಡೆಯ ಆಚೆಯಿಂದ ನನ್ನನ್ನು ಕರೆದರು. ಗಡ್ಡ ಬೆಳೆದಿತ್ತು. ಅಂಗಡಿಯ ಬಾಗಿಲು ತೆರೆದರೂ ಯಾರೂ ಬರುತ್ತಿರಲಿಲ್ಲ. “ಡಾಕ್ಟರ ಸಾಬ್, ನಿಮ್ಮ ಕಡಿ ಸೂಜಿ ಇರ್ತದಲ್ರಿ,” ಎಂದರು. “ಆರಾಮ ನಿದ್ದಿ ಹೋಗೋ ಸೂಜಿ. ಎಲ್ಲ್ಯಾರ ಬಿಟ್ರೂ ಬರ್ತಾವ. ಕಟ್ಟಿ ಹಾಕಿದ್ರ ಅಡಗಿಸ್ಯಾನ ಅಂತಾರ. ಮಾರಿದ್ರ ಯಾರಿಗಿ ಕಳ್ಸಿದಿ ಅಂತಾರ.”

ನಾನು ಆಗುವುದಿಲ್ಲ ಎಂದೆ. ಇನ್ನೂ ಕೆಲವು ದಿನ ತಡೆಯಿರಿ, ಮಳೆ ಬಿದ್ದರೆ ಜನ ಹೊಲಕ್ಕೆ ಹೋಗುತ್ತಾರೆ, ಮರೆಯುತ್ತಾರೆ ಎಂದೆ. ಅವರು ವಾದ ಮಾಡಲಿಲ್ಲ, ತಲೆ ಅಲ್ಲಾಡಿಸಿ ಕೆಳಗಿಳಿದರು. ಶುಕ್ರವಾರ ನಮಾಜು ಮುಗಿಸಿ ಬಂದು, ಬಿಲ್ಕೀಸ್‌ಬಿಯನ್ನು ತಂಗಿಯ ಮನೆಗೆ ಕಳಿಸಿ, ತಾವೇ ಚಾಕು ತೆಗೆದುಕೊಂಡು ಮಾಳಿಗೆ ಹತ್ತಿದರು. ನಾನು ಔರಾದದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯ ಹಿಂದೆ ಹಿತ್ತಲಲ್ಲಿ ಹೂತಿದ್ದರು. ಮಾಳಿಗೆ ತೊಳೆದಿದ್ದರು, ಆದರೂ ಸಜ್ಜೆಯ ವಾಸನೆ ಹೋಗಿರಲಿಲ್ಲ. ಸುರ್ಮಯಿಯೂ ಕೈಗೆ ತಾನಾಗಿ ಬಂದು ಕೂತಿತಂತೆ. ಅದನ್ನು ಅವರು ಸುವರ್ಣಾಳಿಗೆ ಹೇಳಿದರು, ನನಗೆ ಹೇಳಲಿಲ್ಲ. ನಾನು ಸೂಜಿ ಕೊಟ್ಟಿದ್ದರೆ ಅವು ನೋವಿಲ್ಲದೆ ಹೋಗುತ್ತಿದ್ದವು ಎಂದು ಅವಳು ಆ ರಾತ್ರಿ ನನ್ನ ಮುಖ ನೋಡದೆ ಹೇಳಿದಳು.

ಮರುದಿನ ಆ ಪುಟದಲ್ಲಿ ಎರಡೇ ಶಬ್ದ ಇದ್ದವು. ಸಾಕ್ಷಿ ನಾಶ.

ಜೂನಿನ ಮಿರಗದ ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಕರಿ ಮಣ್ಣು ನೆನೆದು ಜನ ಸೋಯಾ ಬಿತ್ತಲು ಹೋದರು. ಗಡಿಯ ಗಲಾಟೆಯೂ ತಣ್ಣಗಾಯಿತು. ನಾನು ಹೇಳಿದಂತೆ ಜನ ಮರೆತರು. ಪಾರಿವಾಳ ಮರೆತರು, ಪುಟ ಮರೆತರು, ಪೊಲೀಸರ ಹೇಳಿಕೆಯನ್ನಂತೂ ನೆನಪಿಟ್ಟವರೇ ಇರಲಿಲ್ಲ. ಗಫೂರ್‌ಭಾಯಿಯ ಅಂಗಡಿಗೆ ಹೋಗಬಾರದು ಎನ್ನುವುದೊಂದು ಮಾತ್ರ, ಯಾಕೆ ಎನ್ನುವುದು ಮರೆತ ಮೇಲೂ ಉಳಿಯಿತು. ದೀಪಾವಳಿಗೆ ಮುಂಚೆ ಅವರು ಅಂಗಡಿ ಮುಚ್ಚಿ, ನೌಬಾದಿನ ದೊಡ್ಡ ಅಂಗಡಿಯೊಂದರಲ್ಲಿ ಒಳಗೆ ಕೂತು ತಂತಿ ಸುತ್ತುವ ಕೂಲಿಗೆ ಸೇರಿದರು. ಗಿರಾಕಿಗೆ ಮುಖ ಕಾಣಿಸಬಾರದು ಎಂದು ಮಾಲೀಕ ಹೇಳಿದ್ದನಂತೆ. ನನಗೆ ಆಡಳಿತದ ಕಾರಣ ಎಂದು ಬರೆದು ಭಾಲ್ಕಿಗೆ ವರ್ಗ ಮಾಡಿದರು. ಮನೆ ಖಾಲಿ ಮಾಡುವ ದಿನ ಗಫೂರ್‌ಭಾಯಿ ಬಂದು ಕಪಾಟು ಎತ್ತಲು ಕೈ ಹಚ್ಚಿದರು. ಓಣಿಯಲ್ಲಿ ಅವರು ಎದುರಾದರೆ ಜನ ಫೋನಿನಲ್ಲಿ ಏನೋ ನೋಡುವವರಂತೆ ತಲೆ ತಗ್ಗಿಸುತ್ತಿದ್ದರು. ಗ್ರೂಪಿನಲ್ಲಿ ಅವರು ಹಬ್ಬಕ್ಕೆ ಶುಭಾಶಯ ಹಾಕಿದರೆ ಮೆಚ್ಚುಗೆಯ ಒಂದು ಹೆಬ್ಬೆರಳೂ ಮೇಲೇಳುತ್ತಿರಲಿಲ್ಲ. ಅದನ್ನು ನಾನು ಭಾಲ್ಕಿಯಲ್ಲಿ ಕೂತೇ ನೋಡುತ್ತಿದ್ದೆ, ಗ್ರೂಪಿನಿಂದ ನಾನಿನ್ನೂ ಹೊರಬಂದಿರಲಿಲ್ಲ.

ಹೋದ ತಿಂಗಳು ಹೋದಾಗ ಅವರ ಮನೆಯ ಬಾಗಿಲು ತೆರೆದಿತ್ತು, ಅಂದು ಅವರಿಗೆ ರಜೆ. ನೋಡಿದವರೇ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಬಿಲ್ಕೀಸ್‌ಬಿ ಸುವರ್ಣಾಳನ್ನು ಯಾಕೆ ಕರೆತರಲಿಲ್ಲ ಎಂದು ಬೈದು ಚಹಾ ಇಟ್ಟರು. ಮಕ್ಕಳ ಓದು, ಮಂಡಿನೋವು, ತಾಮ್ರದ ರೇಟು ಎಲ್ಲ ಮಾತಾಡಿದೆವು. ಪಾರಿವಾಳದ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಮಾತಿನ ನಡುವೆ ಅವರ ಫೋನು ಸದ್ದು ಮಾಡಿತು. ನೋಡಿದರು, ಹುಬ್ಬು ಗಂಟಿಕ್ಕಿ ನನ್ನ ಮುಂದೆ ಹಿಡಿದರು.

“ನೋಡ್ರಿ ಡಾಕ್ಟರ ಸಾಬ್. ಔರಾದ ಕಡಿ ತಿರಗ್ಲತಾಳಂತ ಇವಳು. ಸಣ್ಣ ಮಕ್ಕಳಿಗಿ ಏನೋ ಮೂಸಸಿ ಒಯ್ತಾಳಂತ.”

ವಿಡಿಯೋದಲ್ಲಿ ಒಬ್ಬ ಹೆಂಗಸನ್ನು ಜನ ಸುತ್ತುಗಟ್ಟಿದ್ದರು. ಅವಳ ಬುಟ್ಟಿ ಬೋರಲಾಗಿ ಸ್ಟೀಲಿನ ಡಬ್ಬಿಗಳು ಚೆಲ್ಲಿದ್ದವು. ಅವಳನ್ನು ನಾನು ಬಲ್ಲೆ. ಉದುರಿದ ಕೂದಲು ತೆಗೆದುಕೊಂಡು ಅದಕ್ಕೆ ಬದಲು ಪಾತ್ರೆ ಕೊಡುತ್ತ ಊರೂರು ಅಲೆಯುವವಳು. ತನ್ನ ಕತ್ತೆಯ ಕಾಲಿನ ಗಾಯಕ್ಕೆ ಔಷಧಿ ಹಚ್ಚಿಸಲು ಔರಾದದ ನನ್ನ ದವಾಖಾನೆಗೆ ಎಷ್ಟೋ ಸಲ ಬಂದಿದ್ದಳು. ಅದನ್ನೇ ಹೇಳಿದೆ.

“ಇರಬಹುದ್ರಿ. ಆದ್ರ ವಿಡಿಯೋನೇ ಅದ ಅಲ್ರಿ,” ಎಂದರು.

“ನಿಮ್ಮದೂ ವಿಡಿಯೋ ಇತ್ತು ಗಫೂರ್‌ಭಾಯಿ.”

ಅವರು ಫೋನನ್ನು ಹಿಂದಕ್ಕೆ ಎಳೆದುಕೊಂಡರು. ಒಳಗೆ ಬಿಲ್ಕೀಸ್‌ಬಿಯ ಕೈಯ ಪಾತ್ರೆಯ ಸದ್ದು ನಿಂತಿತು. “ನಂದು ಸುಳ್ಳಿತ್ತು,” ಎಂದರು ನಿಧಾನಕ್ಕೆ. “ಹಂಗಂತ ಎಲ್ಲಾನೂ ಸುಳ್ಳಿರ್ತದೇನ್ರಿ?”

“ಪೊಲೀಸರನ್ನ ಕೇಳ್ರಿ. ಅವರು ಏನಂತಾರ ನೋಡ್ರಿ ಮೊದಲ.”

“ಪೊಲೀಸರು ಏನೂ ಇಲ್ಲ ಅಂದಾರ. ನನಗೂ ಏನೂ ಇಲ್ಲ ಅಂದಿದ್ರು ಅವರು. ಯಾರು ನಂಬಿದ್ರು?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳುತ್ತಲೇ ಹೆಬ್ಬೆರಳಿನಿಂದ ಒತ್ತಿದರು. “ನಮ್ಮ ಓಣಿ ಗ್ರೂಪಿಗಿ ಹಾಕಿದ್ನಿ. ಸಣ್ಣ ಮಕ್ಕಳು ಇರೋ ಓಣಿ ಅದ.”

ನನ್ನ ಜೇಬಿನಲ್ಲಿ ಫೋನು ನಡುಗಿತು. ತೆಗೆದು ನೋಡಿದೆ. ಆ ಹೆಂಗಸಿನ ವಿಡಿಯೋ, ಮೇಲೆ ಗಫೂರ್‌ಭಾಯಿಯ ಹೆಸರು. ನೋಡುತ್ತಿದ್ದಂತೆ ಅದರ ಕೆಳಗೆ ಒಂದು ಹೆಬ್ಬೆರಳು ಎದ್ದಿತು, ಇನ್ನೊಂದು ಎದ್ದಿತು, ಎದುರು ಮನೆಯವರದೂ ಎದ್ದಿತು. ಆಮೇಲೆ ಬಸವರಾಜಪ್ಪ ಮಾಸ್ತರು ಬರೆದರು, “ಸರಿಯಾದ ವೇಳೆಗೆ ಎಚ್ಚರಿಸಿದಿರಿ. ಧನ್ಯವಾದ ಗಫೂರ್‌ಭಾಯಿ.”

ಗಫೂರ್‌ಭಾಯಿ ಅದನ್ನು ಎರಡು ಸಲ ಓದಿದರು. ಆಮೇಲೆ ಫೋನನ್ನು ಒಳಗೆ ಒಯ್ದು ಹೆಂಡತಿಗೆ ತೋರಿಸಿದರು. “ನೋಡ, ಮಾಸ್ತರು ಬರದಾರ ನನಗ,” ಎನ್ನುವುದು ಕೇಳಿಸಿತು.